ಹನ್ನೆರಡು ದಿನದ ಪೊಲೀಸ್ ಸಿನಿಮಾ

ಬೆಟ್ಟದ ತುದಿಯಲ್ಲಿ ಕುಳಿತು, ಕೆಳಗೆ ನಾವು ಆಡುವ ಆಟವನ್ನೆಲ್ಲ ನೋಡಿ ತನ್ನೊಳಗೇ ನಗುವ ಜಟಿಂಗ ರಾಮೇಶ್ವರನಿಗೆ ಮೊದಲ ಶರಣು. ನಗುವ ಬಾಯಿ ಕೊಟ್ಟವನೂ ಅವನೇ, ನಗಿಸುವ ಜನರನ್ನು ನನ್ನ ಬಾಗಿಲಿಗೆ ಕಳಿಸುವವನೂ ಅವನೇ. ನಾನು ಹೇಳುವ ಈ ಕಥೆಯಲ್ಲಿ ತಪ್ಪಿದ್ದರೆ ಅರ್ಧ ಅವನ ಪಾಲು.

ನಾನು ಚಳ್ಳಕೆರೆಯ ಪೇಟೆ ಬೀದಿಯ ಸಣ್ಣ ಈಶ್ವರನ ಗುಡಿಯಲ್ಲಿ ಮೂವತ್ತು ವರ್ಷದಿಂದ ಪೂಜೆ ಮಾಡಿಕೊಂಡಿರುವವನು. ಬೆಳಿಗ್ಗೆ ಅಭಿಷೇಕ, ಸಂಜೆ ಮಂಗಳಾರತಿ, ನಡುವೆ ಯಾರದಾದರೂ ಗೃಹಪ್ರವೇಶ, ಹೊಸ ಟ್ರಾಕ್ಟರಿನ ಪೂಜೆ. ಇಷ್ಟು ಸಪ್ಪೆ ಬದುಕಿಗೂ ನಗೆಯ ಪ್ರಸಂಗಗಳು ಬಂದು ಅಂಟಿಕೊಳ್ಳುತ್ತಲೇ ಇರುತ್ತವೆ, ದನ ಮೇಯುವ ಕಾವಲಿನ ಹುಲ್ಲಿನಲ್ಲಿ ನಡೆದವನ ಪಂಚೆಗೆ ಮುಳ್ಳುಕಾಳು ಅಂಟುವ ಹಾಗೆ. ನಾನು ಹುಡುಕಿಕೊಂಡು ಹೋಗುವುದಿಲ್ಲ. ಮನೆಗೆ ಬಂದು ನೋಡಿಕೊಂಡರೆ ಅಂಟಿರುತ್ತವೆ.

ಹೋದ ವರ್ಷ ಹೀಗೇ ಒಂದು ಸಿನಿಮಾ ಅಂಟಿಕೊಂಡಿತು. ನಿರ್ದೇಶಕ ಮೊಳಕಾಲ್ಮೂರಿನ ನೇಕಾರರ ಮಗ. ಹತ್ತು ವರ್ಷ ಬೇರೆಯವರ ಸಿನಿಮಾಗಳಲ್ಲಿ ದುಡಿದು, ತನ್ನದೇ ಮೊದಲ ಸಿನಿಮಾ ಮಾಡಲು ಊರಿಗೆ ಬಂದಿದ್ದ. ಹಣ ಹಾಕಿದವರು ನಮ್ಮೂರಿನ ಎಣ್ಣೆ ಮಿಲ್ಲಿನ ಸಾಹುಕಾರರು. ಕಥೆ ಇಷ್ಟು: ಜೂಜು, ಮಟ್ಕಾ, ಕಳ್ಳಸಾರಾಯಿ ಹಿಡಿಯುವ ಇಬ್ಬರು ಪತ್ತೇದಾರಿ ಪೊಲೀಸರು ಒಂದು ಅಡ್ಡೆಯ ಬೆನ್ನು ಹತ್ತುತ್ತಾರೆ. ಆ ಅಡ್ಡೆಯ ಹಿಂದೆ ಒಬ್ಬ ಮಂತ್ರಿ ಇರುತ್ತಾನೆ. ಪತ್ತೇದಾರರಲ್ಲಿ ಒಬ್ಬ ಹೀರೋ, ಇನ್ನೊಬ್ಬ ಹೀರೋನ ಸ್ನೇಹಿತ. ಸ್ನೇಹಿತ ಇಂಟರ್‌ವಲ್ಲಿಗೆ ಮುಂಚೆ ಸಾಯುತ್ತಾನೆ. ಅದು ಪದ್ಧತಿಯಂತೆ.

ಸಾಹುಕಾರರು ಮುಹೂರ್ತದ ದಿನವೇ ಎಲ್ಲರ ಎದುರಿಗೆ ಹೇಳಿಬಿಟ್ಟರು: "ನೋಡಪ್ಪಾ ಡೈರೆಕ್ಟ್ರೇ, ಇವತ್ತು ಬುಧವಾರ. ಹನ್ನೆರಡನೇ ದಿನ ಭಾನುವಾರ. ಸೋಮವಾರ ಬೆಳಿಗ್ಗೆ ನಮ್ಮ ಮಿಲ್ಲಿಗೆ ಹೊಸ ಮಿಷನ್ ಬರ್ತೈತೆ, ಆಮೇಲೆ ಅಲ್ಲಿ ಶೂಟಿಂಗಿಗೆ ಜಾಗ ಇರಲ್ಲ. ಭಾನುವಾರ ಹೊತ್ತು ಮುಳುಗೋದ್ರೊಳಗೆ ಮುಗಿದ್ರೆ ಸಿನಿಮಾ. ಇಲ್ದಿದ್ರೆ ಡಬ್ಬ ಕಟ್ಟಿ ಅಟ್ಟದ ಮ್ಯಾಲೆ ಇಡಾದೇ."

ಅದೇ ಸಂಜೆ ನಿರ್ದೇಶಕನ ಅವ್ವ ಗುಡಿಗೆ ಬಂದರು. ವಯಸ್ಸಾದರೂ ಇವತ್ತಿಗೂ ಮಗ್ಗದಲ್ಲಿ ಕೂರುವ ತಾಯಿ. "ಅಯ್ಯನೋರೇ, ನನ್ನ ಮಗ ಹತ್ತು ವರ್ಷ ಇನ್ನೊಬ್ರಿಗೆ ಕೊಡೆ ಹಿಡಿದ. ಈ ಪಿಚ್ಚರ್ ನಿಂತುಹೋದ್ರೆ ಸಿನಿಮಾನೇ ಬಿಟ್ಟು ಬಂದು ಮಗ್ಗದಾಗೆ ಕೂರ್ತೀನಿ ಅಂತಾನೆ. ಅವನು ನೇದ ಸೀರೆ ಯಾರು ಉಟ್ಕೊಂತಾರೆ? ದಿನಾ ಬೆಳಿಗ್ಗೆ ಶೂಟಿಂಗಿಗೆ ಹೋಗಿ ಒಂದು ಪೂಜೆ ಮಾಡಿಕೊಟ್ಟು, ಆ ಹನ್ನೆರಡು ದಿನ ದಾಟಿಸ್ರಿ."

ತಾಯಿಯ ಮಾತು. ಒಪ್ಪಿಕೊಂಡೆ. ಹೀಗೆ ನಾನು ಪತ್ತೇದಾರಿ ಪೊಲೀಸರ ಜೊತೆ ಸೇರಿದೆ.

ಹಣೆ ಯಾವುದು?

ಅಂದು ಬೆಳಿಗ್ಗೆ ಮುಹೂರ್ತಕ್ಕೆ ಕರೆದಾಗ ನನಗೆ ಸಿನಿಮಾದ ಗಂಧವೂ ಇರಲಿಲ್ಲ. ಆದರೆ ಪೂಜೆ ಅಂದರೆ ಪೂಜೆ. ಪೊಲೀಸ್ ಜೀಪಿನ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟೆ. ಪ್ಲಾಸ್ಟಿಕ್ ಪಿಸ್ತೂಲುಗಳನ್ನು ಬಾಳೆ ಎಲೆಯ ಮೇಲೆ ಸಾಲಾಗಿ ಜೋಡಿಸಿ ಒಂದೊಂದಕ್ಕೂ ಕುಂಕುಮ ಹಚ್ಚಿದೆ. ಬೇಡಿಗೆ ಹೂವು ಮುಡಿಸಿದೆ.

ಕೊನೆಗೆ ಕ್ಯಾಮೆರಾ. ಟ್ರಾಕ್ಟರಿಗೆ ವಿಭೂತಿ ಎಲ್ಲಿ ಹಚ್ಚುತ್ತೇವೆ? ಹಣೆಗೆ. ಕ್ಯಾಮೆರಾದ ಹಣೆ ಯಾವುದು? ಎಲ್ಲಕ್ಕಿಂತ ಮುಂದೆ, ದುಂಡಗೆ, ಫಳಫಳ ಹೊಳೆಯುತ್ತಿದ್ದದ್ದು ಒಂದೇ ಒಂದು ಗಾಜು. ವಿಭೂತಿಯನ್ನು ನೀರಿನಲ್ಲಿ ಚೆನ್ನಾಗಿ ಕಲಸಿ, ಮೂರು ಬೆರಳಿನಲ್ಲಿ ಅಡ್ಡಕ್ಕೆ ಎಳೆದುಬಿಟ್ಟೆ. ನಡುವೆ ಒಂದು ಕುಂಕುಮದ ಬೊಟ್ಟು. ನನ್ನ ಕಣ್ಣಿಗೆ ಸಾಕ್ಷಾತ್ ಶಿವನ ಹಾಗೆ ಕಾಣಿಸಿತು.

ಬೆಂಗಳೂರಿನಿಂದ ಬಂದಿದ್ದ ಕ್ಯಾಮೆರಾಮನ್ ತಲೆಯ ಮೇಲೆ ಕೈ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟ. "ಸ್ವಾಮಿ, ಅದರ ಕಣ್ಣಿಗೇ ವಿಭೂತಿ ಹಚ್ಚಿದ್ರೆ ಅದು ಏನು ನೋಡುತ್ತೆ?"

"ಶಿವನನ್ನ ನೋಡ್ತೈತಪ್ಪಾ," ಅಂದೆ. ನನಗೆ ತೋಚಿದ್ದು ಅಷ್ಟೇ.

ಮೆತ್ತನೆಯ ಬಟ್ಟೆಯಲ್ಲಿ ಮಧ್ಯಾಹ್ನದವರೆಗೂ ಒರೆಸಿದರು. ಭಸ್ಮ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕಡೆಗೆ ಹೊತ್ತು ಹೋಗುತ್ತದೆಂದು ಹಾಗೇ ಮೊದಲ ಶಾಟ್ ತೆಗೆದರು. ಹೀರೋ ಜೀಪಿನಿಂದ ಹಾರಿ, ಕನ್ನಡಕ ತೆಗೆದು, ಊರನ್ನು ಒಮ್ಮೆ ದಿಟ್ಟಿಸಬೇಕು. ಚಿಕ್ಕ ಟೀವಿಯಲ್ಲಿ ನೋಡಿದರೆ ಸುತ್ತ ಬೆಳ್ಳಗೆ ಮಂಜು ಮಂಜು. ಆ ಮಂಜಿನ ನಡುವೆ ಹೀರೋ ತೇಲಿಕೊಂಡು ಬರುತ್ತಿದ್ದಾನೆ.

ಸಾಹುಕಾರರು ಬಗ್ಗಿ ನೋಡಿ ಗಾಬರಿಯಾದರು. "ಇದೇನಪ್ಪಾ ಡೈರೆಕ್ಟ್ರೇ, ಸಾಯೋನು ಸ್ನೇಹಿತ ಅಂದಿದ್ದೆ? ಹೀರೋ ಬಂದ ಕೂಡ್ಲೇ ಸ್ವರ್ಗಕ್ಕೆ ಹೋಗಿಬಿಟ್ಟಾನಲ್ಲ!"

ದಾಳಿ

ಮೂರನೆಯ ದಿನ ಜೂಜಿನ ಅಡ್ಡೆಯ ಮೇಲೆ ದಾಳಿ. ಮಿಲ್ಲಿನ ಗೋದಾಮಿನಲ್ಲಿ ಚಾಪೆ ಹಾಸಿ, ಸಂತೆಯಿಂದ ಮೂವತ್ತು ಜನರನ್ನು ಕರೆತಂದು ಇಸ್ಪೀಟೆಲೆ ಕೊಟ್ಟು ಕೂರಿಸಿದರು. ನಿರ್ದೇಶಕ ವಿವರಿಸಿದ: "ನೀವೆಲ್ಲ ಜೂಜುಕೋರರು. ಪತ್ತೇದಾರ ಬಾಗಿಲು ಒದೀತಾನೆ. ಒದ್ದ ಸದ್ದು ಕೇಳಿದ ತಕ್ಷಣ ಹೆದರಿ, ಎದ್ದು, ದಿಕ್ಕಾಪಾಲಾಗಿ ಓಡಬೇಕು. ಆಟ ಹೆಂಗೆ ಆಡೋದು ಅಂತ ಯಾರಿಗಾದ್ರೂ ಹೇಳಿಕೊಡಬೇಕಾ?"

ಒಬ್ಬನೂ ಕೈ ಎತ್ತಲಿಲ್ಲ. ಮುಂದೆ ಕೂತಿದ್ದ ಬಾಳೆಹಣ್ಣಿನ ವ್ಯಾಪಾರಿ ಮಾತ್ರ, "ಫಿಕರ್ ಮಾಡ್ಬೇಡಣ್ಣಾ," ಅಂದ. ಆಗಲೇ ಎಲೆ ಹಂಚಿ ಆಗಿತ್ತು.

ಹೀರೋ ಬಾಗಿಲು ಒದ್ದ. "ಪೊಲೀಸ್!"

ಮೂವತ್ತು ತಲೆಗಳಲ್ಲಿ ಒಂದೂ ಮೇಲೆದ್ದಿಲ್ಲ. ಬಾಳೆಹಣ್ಣಿನವನು ಎಲೆಯ ಮೇಲಿನ ಕಣ್ಣು ತೆಗೆಯದೆ, "ಒಂದೈದು ನಿಮಿಷ ಇರ್ರೀ ಸಾರ್, ಈ ಆಟ ಮುಗೀಲಿ," ಅಂದ.

ಮತ್ತೆ ಒದ್ದ. ಮತ್ತೆ ಅದೇ. ಏಳನೆಯ ಸಲಕ್ಕೆ ಬಾಗಿಲು ಕಿತ್ತು ಬಂತು, ಜೂಜುಕೋರರು ಅಲುಗಾಡಲಿಲ್ಲ. ನಿರ್ದೇಶಕ ಕೈ ಮುಗಿದ. "ಅಣ್ಣಾ, ಕಾಲಿಗೆ ಬೀಳ್ತೀನಿ, ಸ್ವಲ್ಪ ಹೆದರ್ರೀ!"

"ಯಾರಿಗೆ ಹೆದರಾದು? ಇವನಿಗಾ?" ಬಾಳೆಹಣ್ಣಿನವನು ಹೀರೋನನ್ನು ಮೇಲಿಂದ ಕೆಳಗೆ ನೋಡಿದ. "ಹುಬ್ಬು ತಿದ್ದಿಸ್ಕೊಂಡಾನೆ ಕಣಣ್ಣಾ!"

ಇಷ್ಟರಲ್ಲಿ ಹಿಂದಿನ ಗೇಟಿನ ಹತ್ತಿರ ಒಂದು ಜೀಪು ಬಂದು ನಿಂತಿತು. ಅದು ನಿಜವಾದ ಪೊಲೀಸ್ ಜೀಪು. ನಿಜವಾದ ಇನ್ಸ್‌ಪೆಕ್ಟರು, ಹೀರೋ ಜೊತೆ ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಹೆಂಡತಿ, ಮಗಳ ಸಮೇತ ಬಂದಿದ್ದರು. ಬಹಳ ಸಾಧು ಮನುಷ್ಯ. ಮುರಿದ ಬಾಗಿಲಿನಿಂದ ತಲೆ ತೂರಿಸಿ, ಮೆತ್ತಗೆ, "ಶೂಟಿಂಗ್ ನಡೀತಾ ಐತಾ?" ಎಂದು ಕೇಳಿದರು. ಅಷ್ಟೇ.

ಮೂವತ್ತು ಜನ ಆ ಗೋದಾಮಿನಲ್ಲಿ ಇದ್ದರೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಕಿಟಕಿಯಿಂದ ಹೋದರು, ತಗಡಿನ ಮೇಲಿಂದ ಹೋದರು, ಒಬ್ಬ ಎಲ್ಲಿಂದ ಹೋದನೋ ಇವತ್ತಿಗೂ ಗೊತ್ತಿಲ್ಲ. ಸುಳ್ಳೇಕೆ ಹೇಳಲಿ, ಜೀವಮಾನದಲ್ಲಿ ಇಸ್ಪೀಟೆಲೆ ಮುಟ್ಟದ ನಾನೂ ಕೈಯಲ್ಲಿ ಪೂಜೆಯ ಗಂಟೆ ಹಿಡಿದುಕೊಂಡೇ ಕಾಂಪೌಂಡಿನ ಮೇಲಿದ್ದೆ. ಇನ್ಸ್‌ಪೆಕ್ಟರು ಕೆಳಗಿನಿಂದ ಕೈ ಮುಗಿದು, "ಅಯ್ಯನೋರೇ, ನೀವ್ಯಾಕೆ?" ಅಂದರು. "ಎಲ್ಲಾರೂ ಓಡಿದ್ರು ಸ್ವಾಮಿ, ನಾನೊಬ್ಬನೇ ಯಾಕೆ ಕೂರಲಿ ಅಂತ," ಅಂದೆ.

ಕ್ಯಾಮೆರಾ ಓಡುತ್ತಿತ್ತಂತೆ. ಅಂಥ ದಾಳಿಯ ದೃಶ್ಯ ಯಾವ ಸಿನಿಮಾದಲ್ಲೂ ಬಂದಿಲ್ಲ ಅಂತ ನಿರ್ದೇಶಕ ಕುಣಿದ. ಆದರೆ ಸಂಜೆಯವರೆಗೆ ಅದೇ ಜನ ಮತ್ತೆ ಬೇಕಿತ್ತು, ಬಂದದ್ದು ಮೂರೇ ಮೂರು ಜನ. ಒಂದು ದಿನ ಪೂರಾ ಹಾಳು. ದೀಪ ಹಚ್ಚುವ ಹೊತ್ತಿಗೆ ನಿರ್ದೇಶಕನಿಗೆ ಫೋನು ಬಂತು. ಬಾಳೆಹಣ್ಣಿನವನು. "ಅಣ್ಣಾ, ಅವ್ರು ಹೋದ್ರಾ? ನಾನು ಹಿರಿಯೂರು ಬಸ್ ಸ್ಟ್ಯಾಂಡಿನಾಗೆ ಇದೀನಿ. ಇನ್ನೂ ಇದ್ರೆ ಹೇಳು, ಹಂಗೇ ತುಮಕೂರಿಗೆ ಹೋಗಿ ಬರ್ತೀನಿ."

ಬೂಟು

ಆರನೆಯ ದಿನ ಮೊಳಕಾಲ್ಮೂರಿನಲ್ಲಿ ಬೆನ್ನಟ್ಟುವ ದೃಶ್ಯ. ಮಂತ್ರಿಯ ಗುಟ್ಟೆಲ್ಲ ಇರುವ ಒಂದು ಪೆನ್‌ಡ್ರೈವ್ ರೌಡಿಯ ಹತ್ತಿರ ಇರುತ್ತದೆ. ಅವನು ನೇಕಾರರ ಬೀದಿಯಲ್ಲಿ ಓಡಿ ಒಂದು ಮನೆಗೆ ನುಗ್ಗುತ್ತಾನೆ, ಹೀರೋ ಹಿಂದೆಯೇ ನುಗ್ಗುತ್ತಾನೆ, ಇಬ್ಬರೂ ಹಿತ್ತಲ ಬಾಗಿಲಿನಿಂದ ಹೊರಗೆ ಹಾರುತ್ತಾರೆ. ಮನೆ ನಿರ್ದೇಶಕನದೇ. ಅವ್ವ ಎಂದಿನಂತೆ ಮಗ್ಗದಲ್ಲಿ ಕೂತು ನೇಯುತ್ತಿರಬೇಕು, ಅಷ್ಟೇ.

ರೌಡಿಯ ಪಾತ್ರದವನು ಆರಡಿ ಎತ್ತರ, ಕೆನ್ನೆಯ ಮೇಲೆ ಗಾಯ, ಕೆಂಪು ಕಣ್ಣು. ನೋಡಿದರೆ ಎದೆ ಝಲ್ಲೆನ್ನಬೇಕು. ಹಾಗೆ ಓಡಿ ಬಂದವನು ಹೊಸ್ತಿಲು ದಾಟುವಷ್ಟರಲ್ಲಿ ಅವ್ವನ ಕೈಯ ಲಾಳಿ ನಿಂತಿತು.

"ಏಯ್, ನಿಲ್ಲು! ಮಗ್ಗ ಇರೋ ಮನೆಗೆ ಮೆಟ್ಟು ಹಾಕ್ಕೊಂಡು ಬರ್ತೀಯಾ? ನಿಮ್ಮವ್ವ ಏನೂ ಕಲಿಸಿಲ್ವಾ?"

ರೌಡಿ ಗಕ್ಕನೆ ನಿಂತ. "ತಪ್ಪಾತವ್ವಾ," ಅಂದ. ಹೊರಗೆ ಹೋಗಿ ಚಪ್ಪಲಿ ಬಿಟ್ಟು, ಗೋಡೆಯ ಬದಿಗೆ ಜೋಡಿಸಿಟ್ಟು, ಒಳಗೆ ಬಂದು ಮಗ್ಗಕ್ಕೆ ಕೈ ಮುಗಿದ. ಮಗ್ಗ ಇರುವ ಮನೆಯೆಂದರೆ ಅಲ್ಲಿ ಗುಡಿಯೇ.

ಅಷ್ಟು ಹೊತ್ತಿಗೆ ಪಿಸ್ತೂಲು ಹಿಡಿದು ಹೀರೋ ಬಂದ. "ನೀನೂ ಅಷ್ಟೇ," ಅಂದರು ಅವ್ವ. ಅವನ ಬೂಟು ಮೊಣಕಾಲಿನ ಹತ್ತಿರದವರೆಗೆ, ಅದಕ್ಕೆ ಏಣಿಯಷ್ಟು ಉದ್ದದ ದಾರ. ಪಾಪ, ಜಗುಲಿಯ ಮೇಲೆ ಕೂತು ಒಂದೊಂದೇ ಗಂಟು ಬಿಚ್ಚತೊಡಗಿದ. ಒಳಗೆ ರೌಡಿ ಕಾಯುತ್ತ ನಿಂತ.

"ನಿಂತೇ ಇದೀಯಲ್ಲಪ್ಪಾ, ಮಜ್ಜಿಗೆ ಕುಡೀತೀಯಾ?" ಅವ್ವ ಎದ್ದು ಲೋಟ ತಂದರು.

ಮೂಲೆಯಿಂದ ನಿರ್ದೇಶಕ ಕೂಗಿದ. "ಅವ್ವಾ! ಇದು ಬೆನ್ನಟ್ಟೋ ಸೀನು! ಓಡಬೇಕು!"

"ಓಡ್ಲಿ, ಯಾರು ಬ್ಯಾಡಂದ್ರು? ಬರಿಗಾಲಾಗೆ ಓಡ್ಲಿ."

ಹೀರೋಗೆ ಸಿಟ್ಟು ಬಂತು. ಒಂದು ಬೂಟು ಬಿಚ್ಚಿ ಆಗಿತ್ತು, ಇನ್ನೊಂದರ ಗಂಟು ಬಿಗಿಯಾಗಿತ್ತು. ಒಂದೇ ಬೂಟಿನಲ್ಲಿ ಕುಂಟುತ್ತ, ಪಿಸ್ತೂಲು ಎತ್ತಿ ಒಳಗೆ ನುಗ್ಗಿದ. ಪಕ್ಕದ ಮನೆಯ ಅಜ್ಜಿ ಜಗುಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವಳ ಮಾತು ಮುಕ್ಕಾಲು ತೆಲುಗು. ಯಾರು ಕಳ್ಳ, ಯಾರು ಪೊಲೀಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೇ ತೀರ್ಮಾನ ಮಾಡಿದ್ದಳು. ಚಪ್ಪಲಿ ಜೋಡಿಸಿಟ್ಟು ಮಗ್ಗಕ್ಕೆ ಕೈ ಮುಗಿದವನು ಪೊಲೀಸು. ಬೂಟುಗಾಲಿನಲ್ಲಿ ನುಗ್ಗಿದವನು ಕಳ್ಳ.

"ದೊಂಗ! ದೊಂಗ!" ಕಳ್ಳ, ಕಳ್ಳ ಎಂದು ಕಿರುಚುತ್ತ ಪೊರಕೆ ಎತ್ತಿಕೊಂಡಳು.

ನೇಕಾರರ ಬೀದಿ. ಎಲ್ಲರೂ ಮನೆಯಲ್ಲೇ ಇರುವವರು. ಒಂದೇ ನಿಮಿಷದಲ್ಲಿ ಹತ್ತು ಮಗ್ಗ ನಿಂತವು, ಹತ್ತು ಮನೆಯವರು ಬಂದು ಹೀರೋನ ಎರಡೂ ಕೈ ಹಿಂದಕ್ಕೆ ಕಟ್ಟಿ, ಅವನ ಬೇಡಿಯನ್ನೇ ಅವನಿಗೆ ಹಾಕಿದರು. ಹೀರೋ "ನಾನು ಪೊಲೀಸು! ನಾನು ಪೊಲೀಸು!" ಅಂದಷ್ಟೂ ಅಜ್ಜಿಯ ಪೊರಕೆ ಜೋರಾಯಿತು.

ಕೊನೆಗೆ ರೌಡಿಯೇ ಮೀಸೆಯ ಮೇಲಿನ ಮಜ್ಜಿಗೆ ಒರೆಸಿಕೊಳ್ಳುತ್ತ ಹೊರಗೆ ಓಡಿ ಬರಬೇಕಾಯಿತು. "ಅವನನ್ನ ಬಿಡ್ರಪ್ಪಾ, ಪುಣ್ಯ ಬರ್ತೈತೆ! ಕಳ್ಳ ನಾನು ಕಣ್ರೀ, ನಾನು!"

ಕಾವಲಿನಲ್ಲಿ ರಾಜಿ

ಒಂಬತ್ತನೆಯ ದಿನಕ್ಕೆ ಇನ್ನೂ ಅರ್ಧ ಸಿನಿಮಾ ಉಳಿದಿತ್ತು. ನಿರ್ದೇಶಕ ಊಟ ಬಿಟ್ಟಿದ್ದ. ಅವ್ವ ದಿನಾ ಸಂಜೆ ಫೋನು ಮಾಡಿ, "ಅಯ್ಯನೋರೇ, ಅವನು ಕೂರಾಕೆ ಮಗ್ಗದ ಗುಂಡಿ ಗುಡಿಸಿ ಇಡ್ಲಾ?" ಎಂದು ಕೇಳುತ್ತಿದ್ದರು.

ಅಂದು ಉಳ್ಳಾರ್ತಿ ಕಾವಲಿನ ಕಡೆ ಜೀಪಿನ ಜಗಳ. ಬಯಲು ಹುಲ್ಲು, ಮೇಲೆ ಬರೀ ಆಕಾಶ. ಹೀರೋ ರೌಡಿಯ ಜೀಪನ್ನು ಅಡ್ಡಗಟ್ಟಿ, ಗಾಳಿಯಲ್ಲಿ ಗುಂಡು ಹಾರಿಸಿ, "ನಿನ್ನ ಮಂತ್ರಿ ನಿನ್ನನ್ನು ಕಾಪಾಡಲ್ಲ!" ಎನ್ನಬೇಕು. ಸರಿಯಾಗಿ ಅದೇ ಹೊತ್ತಿಗೆ ಅಮೃತಮಹಲ್ ದನಗಳ ಹಿಂಡು ನೀರಿಗೆ ಹೊರಟಿತು. ಆ ತಳಿಯ ಈಟಿಯಂಥ ಕೊಂಬು ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ದನ ಕಾಯುವವನಿಗೆ ನಿರ್ದೇಶಕ ಹೇಳಿದ: "ಯಜಮಾನ್ರೇ, ಹತ್ತು ನಿಮಿಷ ತಡೀರಿ."

"ನಾನು ತಡೀತೀನಿ ಸಾರ್. ಅವಕ್ಕೆ ನೀವೇ ಹೇಳ್ರಿ." ಆಮೇಲೆ ಹೀರೋನ ಕೈಯ ಪಿಸ್ತೂಲು ನೋಡಿದ, ಅಂದು ಅದಕ್ಕೆ ಪಟಾಕಿ ತುಂಬಿದ್ದರು. "ಅದು ಸದ್ದು ಮಾಡ್ತೈತಾ? ಮಾಡಂಗಿದ್ರೆ ಬ್ಯಾಡ. ಬೆದರಿದ್ರೆ ಸದ್ದು ಬಂದ ಕಡೀಗೇ ಬರ್ತಾವೆ."

ಹೀರೋ ಮೊಳಕಾಲ್ಮೂರಿನ ಪೊರಕೆ ಏಟು ತಿಂದ ಮೇಲೆ ಯಾರ ಮಾತನ್ನೂ ಕೇಳಬಾರದೆಂದು ತೀರ್ಮಾನಿಸಿದ್ದ. ಹಾರಿಸಿದ.

ಮುಂದಿನದನ್ನು ನಾನು ನೋಡಲಿಲ್ಲ, ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದೆ. ಕಣ್ಣು ತೆರೆದಾಗ ಹಿಂಡು ಜೀಪಿನ ಸುತ್ತ ಸುತ್ತುತ್ತಿತ್ತು. ಜೀಪಿನ ತಲೆಯ ಮೇಲೆ ಹೀರೋ, ರೌಡಿ ಇಬ್ಬರೂ ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿಕೊಂಡು ನಿಂತಿದ್ದರು. ರೌಡಿ ಹೀರೋನ ಬೆನ್ನು ಸವರುತ್ತಿದ್ದ. ಫೋಟೋ ತೆಗೆಯುವವನು ಅದನ್ನು ತೆಗೆದ. ಅದೇ ಫೋಟೋ ಸಂಜೆ ಸಾಹುಕಾರರ ಮೊಬೈಲಿಗೆ ಹೋಯಿತು.

ತಕ್ಷಣ ಅವರ ಫೋನು: "ಡೈರೆಕ್ಟ್ರೇ, ಇನ್ನೂ ಎಲೆಕ್ಷನ್ನೇ ಬಂದಿಲ್ಲ, ಪೊಲೀಸೂ ರೌಡೀನೂ ಆಗ್ಲೇ ಒಂದೇ ಪಾರ್ಟಿಗೆ ಸೇರಿಬಿಟ್ರಾ?"

ದೇವರ ಥರ

ಭಾನುವಾರ ಬಂತು. ಹಗಲು ರಾತ್ರಿ ದುಡಿದು ಉಳಿದದ್ದನ್ನೆಲ್ಲ ಹೇಗೋ ಮುಗಿಸಿದ್ದರು. ಇನ್ನು ಬಾಕಿ ಒಂದೇ ದೃಶ್ಯ, ಅದೇ ಕೊನೆಯದು. ಮಿಲ್ಲಿನ ಅಂಗಳದಲ್ಲಿ ವೇದಿಕೆ, ಸಾರ್ವಜನಿಕ ಸಭೆ. ಪತ್ತೇದಾರ ಎಲ್ಲರ ಮುಂದೆ ಮಂತ್ರಿಯ ಮೇಲೆ ಆರೋಪ ಹೊರಿಸುತ್ತಾನೆ. ಮಂತ್ರಿ ಉರಿಯುವ ಕರ್ಪೂರ ಮುಟ್ಟಿ ಸುಳ್ಳು ಆಣೆ ಮಾಡುತ್ತಾನೆ. ಆಣೆ ಮುಗಿದ ಕೂಡಲೇ ಸಾಕ್ಷಿ ಹೊರಗೆ ಬೀಳುತ್ತದೆ, ಬೇಡಿ ಬೀಳುತ್ತದೆ, ಸಿನಿಮಾ ಮುಗಿಯುತ್ತದೆ. ಆಗ ಸಂಜೆ ಐದು ಗಂಟೆ. ಹೊತ್ತು ಮುಳುಗಲು ಒಂದೇ ಗಂಟೆ.

ಮಂತ್ರಿಯ ಪಾತ್ರ ಮಾಡಿದವರು ಹತ್ತಿರದ ಹಳ್ಳಿಯ ಮಾಜಿ ಪಂಚಾಯ್ತಿ ಅಧ್ಯಕ್ಷರು. ಅವರಿಗೆ ವೇಷ ಬೇಕಾಗಿರಲಿಲ್ಲ, ಬಿಳಿ ಅಂಗಿ ಅವರದೇ, ಕೈ ಬೀಸುವ ಗತ್ತೂ ಅವರದೇ. ಸಭೆಯ ಜನವಾಗಿ ಕೂರಲು ಅವರ ಊರಿನವರನ್ನೇ ಟ್ರಾಕ್ಟರಿನಲ್ಲಿ ಕರೆತಂದಿದ್ದರು.

ತಪ್ಪು ನನ್ನದು. ನಿರ್ದೇಶಕ ಓಡಾಟದಲ್ಲಿ ಹೇಳಿ ಹೋಗಿದ್ದ: "ಅಯ್ಯನೋರೇ, ಒಂದು ತಟ್ಟೆ, ಕರ್ಪೂರ, ಹಿಂದೆ ಒಂದು ದೇವರ ಥರ ಏನಾದ್ರೂ ಇಟ್ಟುಬಿಡ್ರಿ." ನನಗೆ ದೇವರು ಗೊತ್ತು. ದೇವರ ಥರ ಗೊತ್ತಿಲ್ಲ. ಮೂವತ್ತು ವರ್ಷದ ಕೈ, ತಾನೇ ನಡೆಯಿತು. ಅಕ್ಕಿ ಹರಡಿ, ಕಳಶ ಇಟ್ಟು, ವೀಳ್ಯದೆಲೆ, ತೆಂಗಿನಕಾಯಿ, ಮಂತ್ರ ಹೇಳಿ ಸ್ವಾಮಿಯನ್ನು ಆವಾಹನೆ ಮಾಡಿ, ಕರ್ಪೂರ ಹಚ್ಚಿ ಪಕ್ಕಕ್ಕೆ ನಿಂತೆ.

ಅಧ್ಯಕ್ಷರು ಗತ್ತಿನಿಂದ ಬಂದರು, ಕೈ ಚಾಚಿದರು, ಕಳಶ ನೋಡಿದರು. ಚಾಚಿದ ಕೈ ಹಾಗೇ ನಿಂತಿತು. ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಯ್ಯನೋರೇ, ಇದು ಸಿನಿಮಾದ್ದಾ, ನಿಜದ್ದಾ?"

ಕೇಳಿದ ಮೇಲೆ ಸುಳ್ಳು ಹೇಳಲಾದೀತೇ? "ನಿಜದ್ದೇ ರೀ. ಸ್ವಾಮಿ ಬಂದು ಕುಂತಾನೆ."

"ಹಂಗಾದ್ರೆ ನಾನು ಒಲ್ಲೆ," ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು.

ನಿರ್ದೇಶಕ ಓಡಿ ಬಂದ. "ಒಂದೇ ಮಾತು ಅಧ್ಯಕ್ಷರೇ! ಒಂದೇ!"

"ಬೇರೆ ಎಲ್ಲಿ ಬೇಕಾದ್ರೂ ಸುಳ್ಳು ಹೇಳ್ತೀನಪ್ಪಾ. ಹೇಳಿದೀನಿ ಕೂಡ. ಕರ್ಪೂರದ ಮುಂದೆ ಆಗಲ್ಲ. ನಮ್ಮಪ್ಪನ ಕಾಲದಾಗೆ ಒಬ್ಬ ಕುರಿ ಕದ್ದಿಲ್ಲ ಅಂತ ಮುಟ್ಟಿದ್ದ, ಸಾಯೋ ತನಕ ಅವನ ಬಾಯಿ ಸೊಟ್ಟ ಇತ್ತು."

ನಿರ್ದೇಶಕ ನನ್ನ ಕಡೆ ತಿರುಗಿದ. "ಅಯ್ಯನೋರೇ, ಸ್ವಾಮಿನ ಕಳಿಸಿಬಿಡ್ರಿ ಹಂಗಾದ್ರೆ!"

"ಕರೆದ ಅತಿಥಿಗೆ ಎಡೆ ಇಡದೆ ಎದ್ದು ಹೋಗು ಅನ್ನಾಕಾಗ್ತೈತಾ? ಮನೇಲಿ ಹುಗ್ಗಿ ಬೇಯ್ತಾ ಐತೆ. ಒಂದು ತಾಸು."

ಒಂದು ತಾಸು ಎಲ್ಲಿದೆ? ಬಿಸಿಲು ಆಗಲೇ ಮಿಲ್ಲಿನ ಹೊಗೆಗೂಡಿನ ಹಿಂದೆ ಇಳಿಯುತ್ತಿತ್ತು. ಸಾಹುಕಾರರು ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ನಿರ್ದೇಶಕನ ಅವ್ವ ಅಂದು ಮೊಳಕಾಲ್ಮೂರಿನಿಂದ ಬಂದು ಗೋಡೆಗೆ ಒರಗಿ ನಿಂತಿದ್ದರು. ಆ ಹುಡುಗನ ಮುಖ ನೋಡಲಾಗಲಿಲ್ಲ ನನಗೆ. ಹತ್ತು ವರ್ಷದ ಕನಸಿಗೆ ನಾನೇ ಅಡ್ಡ ಕೂತಂತಾಗಿತ್ತಲ್ಲ. ಅಧ್ಯಕ್ಷರಿಗೆ ಕೈ ಮುಗಿದೆ. "ಸುಳ್ಳು ಇರೋ ಮಾತು ಬಿಡ್ರಿ. ಅದರಾಗೆ ನಿಮಗೆ ನಿಜ ಆಗಿರೋದು ಯಾವುದಾದ್ರೂ ಐತಾ ನೋಡ್ರಿ."

ಅವರು ಕಾಗದ ತೆಗೆದು ಓದಿದರು. "'ಜೂಜಿನ ಅಡ್ಡೆಗೂ ನನಗೂ ಸಂಬಂಧ ಇಲ್ಲ.' ಇದು ನಿಜ, ಹೇಳಬಹುದು. 'ನಾನು ಜನರ ಒಂದು ಕಡ್ಡಿಯನ್ನೂ ಮುಟ್ಟಿದವನಲ್ಲ.'" ಇಲ್ಲಿ ಕಾಗದವನ್ನು ಕಣ್ಣಿನ ಹತ್ತಿರ ತಂದು ಇನ್ನೊಮ್ಮೆ ನೋಡಿದರು. "ಕಡ್ಡಿ ಮುಟ್ಟಿಲ್ಲ. ಆತು, ಹೇಳ್ತೀನಿ."

ಕ್ಯಾಮೆರಾ ಓಡಿತು. ಹೀರೋ ಬೆರಳು ತೋರಿಸಿ ಗುಡುಗಿದ. ಅಧ್ಯಕ್ಷರು ಕರ್ಪೂರದ ಮೇಲೆ ಕೈ ಹಿಡಿದರು. "ಜೂಜಿನ ಅಡ್ಡೆಗೂ ನನಗೂ ಸಂಬಂಧ ಇಲ್ಲ! ನಾನು ಜನರ ಒಂದು ಕಡ್ಡಿಯನ್ನೂ ಮುಟ್ಟಿದವನಲ್ಲ!"

ನಿರ್ದೇಶಕ ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷರು ಮತ್ತೆ ಬಾಯಿ ತೆರೆದರು.

"ಕಡ್ಡಿ ಮುಟ್ಟಿಲ್ಲ. ಕುರ್ಚಿ ಮುಟ್ಟೀನಿ. ಸಮುದಾಯ ಭವನದ ಇಪ್ಪತ್ತು ಕುರ್ಚಿ ನಮ್ಮನೆ ಪಡಸಾಲೆಯಾಗೆ ಅವೆ."

ಸಭೆಯ ನಡುವಿನಿಂದ ಒಬ್ಬಾಕೆ ಎದ್ದು ನಿಂತಳು. "ಇಪ್ಪತ್ತಲ್ಲ, ಇಪ್ಪತ್ತೆರಡು!"

"ಎರಡು ಮುರಿದಾವಮ್ಮಾ," ಅಂದರು ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ. "ಶಾಲೆ ಹತ್ರ ಕೊರೆಸಬೇಕಾಗಿದ್ದ ಬೋರು ನನ್ನ ತೋಟದಾಗೆ ಕೊರೆಸ್ದೆ. ಕೇಳಿದ್ರೆ ಮಿಷನ್ನು ದಾರಿ ತಪ್ಪಿತ್ತು ಅಂದೆ. ನಮ್ಮೂರ ಸಿಮೆಂಟು ರಸ್ತೆ ನಮ್ಮನೆ ಗೇಟಿಗೇ ನಿಂತೈತೆ. ಮುಂದೆ ದೊಡ್ಡ ಬಂಡೆ ಅಡ್ಡ ಐತೆ ಅಂತ ಬರೆಸಿದ್ದೆ. ಬಂಡೆ ಇಲ್ಲ."

"ಬಂಡೆ ಇಲ್ಲ ಅಂತ ನಮಗೆ ಗೊತ್ತಿತ್ತು ಬಿಡ್ರೀ!" ಎಂದು ಜನ ಕೂಗಿದರು. "ಮುಂದಿಂದು ಹೇಳ್ರಿ!"

ಕಲಿಸದೆಯೇ ಜನ ಎದ್ದರು, ಕೂಗಿದರು, ನಕ್ಕರು, ಇಬ್ಬರು ಶಿಳ್ಳೆ ಹೊಡೆದರು. ನಿರ್ದೇಶಕ ಬಾಯಿಗೆ ಬಟ್ಟೆ ಇಟ್ಟುಕೊಂಡು ಕ್ಯಾಮೆರಾಮನ್‌ಗೆ ಕೈ ಸನ್ನೆ ಮಾಡುತ್ತಿದ್ದ: ನಿಲ್ಲಿಸಬೇಡ, ನಿಲ್ಲಿಸಬೇಡ. ಹೀರೋ ಮಾತ್ರ ಬೇಡಿ ಹಿಡಿದು ದಿಕ್ಕು ತೋಚದೆ ನಿಂತಿದ್ದ. ಅಧ್ಯಕ್ಷರೇ ಎರಡೂ ಕೈ ಚಾಚಿದರು. "ಹಾಕಪ್ಪಾ, ಹಾಕು. ಎದೆ ಹಗುರಾತು."

"ಸಾರ್," ಎಂದ ಹೀರೋ, ಬಾಯಿಗೆ ಬಂದದ್ದನ್ನು, "ಇಷ್ಟೊಂದಕ್ಕೆ ನನ್ನ ಹತ್ತಿರ ಒಂದೇ ಬೇಡಿ ಇರೋದು."

"ಕಟ್!" ನಿರ್ದೇಶಕ ಗಾಳಿಗೆ ಹಾರಿದ. ಸಿನಿಮಾ ಮುಗಿದಿತ್ತು. ಬಿಸಿಲು ಇನ್ನೂ ಒಂದು ಮಾರು ಉಳಿದಿತ್ತು. ಬರೆದಿದ್ದ ಕೊನೆಗಿಂತ ಈ ಕೊನೆ ನೂರು ಪಾಲು ಮೇಲೆಂದು ಎಲ್ಲರಿಗೂ ಗೊತ್ತಾಗಿತ್ತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಧ್ಯಕ್ಷರು ಕಣ್ಣು ಕೆಂಪು ಮಾಡಿಕೊಂಡೇ, "ಹೆಂಗಿತ್ತು ನನ್ನ ಆಕ್ಟಿಂಗು?" ಎಂದು ಕೇಳಿದರು. "ಆಕ್ಟಿಂಗು ಇರ್ಲಿ, ಕುರ್ಚಿ ಯಾವತ್ತು ಕಳಿಸ್ತೀರಿ?" ಅಂದಳು ಆಕೆ. ಮಾರನೆಯ ದಿನವೇ ಕಳಿಸಿದರು, ಮುರಿದದ್ದನ್ನೂ ರಿಪೇರಿ ಮಾಡಿಸಿ.

ಕರ್ಪೂರ ಇನ್ನೂ ಉರಿಯುತ್ತಿತ್ತು. ನಾನು ಇನ್ನೊಂದು ಬಿಲ್ಲೆ ಹಾಕಿದ್ದೆ. ಅಧ್ಯಕ್ಷರ ಮುಖದ ಮೇಲಿನ ನೆಮ್ಮದಿ ನೋಡಿ ಉಳಿದವರಿಗೆ ಆಸೆಯಾಯಿತೋ ಏನೋ. ಮೊದಲು ಹೀರೋ ಬಂದ. "ಮೊದಲನೇ ದಿನ ಆ ಮಂಜಲ್ಲಿ ಜೀಪಿನಿಂದ ಹಾರಿದ್ದು ನಾನಲ್ಲ, ಡೂಪು." ಕ್ಯಾಮೆರಾಮನ್ ಬಂದ. "ಬ್ಯಾಟರಿ ಮುಗಿದಿದೆ ಅಂದಾಗೆಲ್ಲ ಮುಗಿದಿರಲಿಲ್ಲ. ನಿದ್ದೆ ಬರ್ತಿತ್ತು." ಅವ್ವನೂ ಬಂದರು, ಮಗನ ಮುಖ ನೋಡದೆ. "ನಿನ್ನ ಕಥೆ ಕೇಳಿ ಬಾಳ ಚೆನ್ನಾಗೈತೆ ಅಂದಿದ್ನಲ್ಲ ಮಗಾ, ಅರ್ಧಕ್ಕೇ ತೂಕಡಿಸಿದ್ದೆ."

ಎಲ್ಲರೂ ನಗುತ್ತಿರುವಾಗ ಸಾಹುಕಾರರು ಕುರ್ಚಿಯಿಂದ ಎದ್ದರು. ಅವರು ಪೇಟ ಸರಿಮಾಡಿಕೊಂಡು ಬಂದು, ಕರ್ಪೂರದ ಮೇಲೆ ಕೈ ಹಿಡಿದು, ನಿರ್ದೇಶಕನ ಕಡೆ ನೋಡಿದರು.

"ನಾಳೆ ಯಾವ ಮಿಷನ್ನೂ ಬರಲ್ಲಪ್ಪಾ. ನಾನು ಆರ್ಡರ್ರೇ ಕೊಟ್ಟಿಲ್ಲ. ಗಡುವು ಇಡದಿದ್ರೆ ನೀನು ವರ್ಷಗಟ್ಟಲೆ ತೆಗೀತಿದ್ದೆ, ಅದಕ್ಕೆ ಹೇಳಿದ್ದೆ. ತಪ್ಪಾತು."

ನಾನು ನಿರ್ದೇಶಕನ ಕಡೆ ನೋಡಿದೆ. ಹನ್ನೆರಡು ದಿನ ಊಟ, ನಿದ್ದೆ ಬಿಟ್ಟವನ ಮುಖ. ಸಿಟ್ಟಾಗುತ್ತಾನೆ ಎಂದುಕೊಂಡೆ. ಆದರೆ ಆ ಮುಖ ನಿಧಾನವಾಗಿ ಹುಣ್ಣಿಮೆಯ ಹಾಗೆ ಅರಳಿತು.

"ಹಂಗಾದ್ರೆ ಮಿಲ್ಲು ನಾಳೆನೂ ಖಾಲಿ ಐತಾ ಸಾಹುಕಾರ್ರೇ? ನಾಡಿದ್ದೂನಾ? ಹಂಗಾದ್ರೆ ಎಲ್ಲಾ ಸೀನೂ ಮೊದಲಿಂದ ಇನ್ನೊಂದ್ಸಲ ಸರಿಯಾಗಿ ತೆಗೀಬಹುದು!"

ಸಾಹುಕಾರರು ಬೆಂಕಿ ತಾಕಿದವರಂತೆ ಕೈ ಎಳೆದುಕೊಂಡು ನನ್ನ ಕಡೆ ತಿರುಗಿದರು. "ಅಯ್ಯನೋರೇ! ಎಡೆ ನಮ್ಮನೆಯಿಂದಲೇ ತರಿಸ್ತೀನಿ, ಬೇಗ ಸ್ವಾಮಿನ ಕಳಿಸ್ಕೊಡ್ರಿ! ನಾನು ಇವನಿಗೆ ಅರ್ಜೆಂಟಾಗಿ ಇನ್ನೊಂದು ಸುಳ್ಳು ಹೇಳಬೇಕಾಗೈತೆ!"

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಆ ಬೆಟ್ಟದೊಡೆಯ ತಣ್ಣಗೆ ಇಟ್ಟಿರಲಿ. ನಿಮ್ಮ ಮನೆಯ ಒಲೆ ಆರದಿರಲಿ, ನಗು ಬತ್ತದಿರಲಿ. ಯಾವ ಕರ್ಪೂರದ ಮುಂದೆ ಕೈ ಚಾಚಿದರೂ ನಿಮ್ಮ ಕೈ ನಡುಗದಂಥ ಬದುಕನ್ನು ಅವನು ನಿಮಗೆಲ್ಲರಿಗೂ ಕರುಣಿಸಲಿ.